ಹನ್ನೆರಡನೆಯ ಉಳಿ

“ಅಳಿಯಂದಿರೇ, ಇದು ಅಂಟ್ಕೊಳ್ತಲ್ಲ,” ಎಂದರು ಅತ್ತೆ.

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಕರೆಂಟಿನ ಚೀಟಿ ಹಿಡಿದುಕೊಂಡಿರುತ್ತಿದ್ದ ಟೊಮೇಟೊ ಆಕಾರದ ಅಯಸ್ಕಾಂತ ಈಗ ವರ್ಕ್‌ಶಾಪಿನ ಪರೀಕ್ಷಾ ಕೋಣೆಯಲ್ಲಿ, ಮುರಿದ ಉಳಿಯ ಬೆನ್ನಿಗೆ ಕಚ್ಚಿಕೊಂಡು ಕೂತಿತ್ತು. ಅದರೊಂದಿಗೆ ಖಾಸಗಿ ಪತ್ತೇದಾರನಾದ ನನ್ನ ಮೂರು ದಿನದ ಸಿದ್ಧಾಂತವೂ ಮಣ್ಣುಮುಕ್ಕಿತು.

ಸಿದ್ಧಾಂತ ಸರಳವಾಗಿತ್ತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಡು ಜಾತಿ. ಅಡುಗೆಮನೆಯ ಡಬ್ಬಿ, ತಟ್ಟೆಗಳ ಸ್ಟೀಲು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದರ ಮೇಲೆ ಎಷ್ಟು ಲೇಸರ್ ಹಾಯಿಸಿದರೂ ಅದು ಗಡಸಾಗುವುದಿಲ್ಲ. ಚಾಕು, ಕತ್ತರಿ, ಉಳಿಗಳ ಸ್ಟೀಲು ಅಂಟುತ್ತದೆ, ಗಡಸೂ ಆಗುತ್ತದೆ. ಯಾರೋ ಸ್ಟೀಲನ್ನೇ ಅದಲು ಬದಲು ಮಾಡಿದ್ದಾರೆ ಎಂದು ನಾನು ನಂಬಿದ್ದೆ. ಅತ್ತೆ ಪಾತ್ರೆ ಅಂಗಡಿಗೆ ಹೋಗುವಾಗಲೆಲ್ಲ ಅಯಸ್ಕಾಂತ ಒಯ್ಯುವವರು. ಆ ಕಾರಣಕ್ಕೆ ಅವರನ್ನೂ ಕರೆತಂದಿದ್ದೆ. ನಿಜ ಹೇಳಬೇಕೆಂದರೆ ಅವರೇ ಬಂದಿದ್ದರು.

“ಈಗೇನ್ ಮಾಡ್ತೀರಿ?” ಎಂದರು ಪಾಯಿಂಟ್ ಸಾಹೇಬರು.

ಇವರು ಆಪರೇಷನ್ ಉಪಕರಣಗಳನ್ನು ತಯಾರಿಸುವ ಈ ವರ್ಕ್‌ಶಾಪಿನ ಪರೀಕ್ಷಕರು. ಬಾಗಿಲ ಮೇಲೆ ನೆಟ್ಟಗೆ ಅವರ ಹೆಸರಿನ ಫಲಕವಿದೆ. ಆದರೆ ಬಾಯಿಂದ ಬರುವ ಪ್ರತಿ ಅಂಕಿಗೂ ಒಂದು ಪಾಯಿಂಟ್ ತಗುಲಿಸಿ ಬಿಡುವುದರಿಂದ ಮನೆಯವರೂ ಅವರನ್ನು ಹಾಗೆಯೇ ಕರೆಯುತ್ತಾರಂತೆ.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ನಾಲ್ಕಕ್ಕೆ ಆಸ್ಪತ್ರೆಯಲ್ಲಿ ವಿಚಾರಣಾ ಸಮಿತಿ ಕೂರಲಿತ್ತು. ಕಳೆದ ತಿಂಗಳು ಒಬ್ಬ ಬಸ್ ಡ್ರೈವರಿನ ಮೊಣಕಾಲಿನ ಆಪರೇಷನ್ ನಡುವೆ ಈ ಮೂಳೆ ಉಳಿಯ ಅಂಚು ಹರಿದು, ಚೂರು ಒಳಗೇ ಉಳಿದು, ಆ ಮನುಷ್ಯ ಎರಡನೇ ಸಲ ಮೇಜಿನ ಮೇಲೆ ಮಲಗಬೇಕಾಯಿತು. ಉಳಿಯನ್ನು ಗಡಸು ಮಾಡದೆಯೇ ಕಳಿಸಿದ್ದಾರೆಂಬ ಆರೋಪ ಲೇಸರ್ ಯಂತ್ರ ನಡೆಸುವ, ಇಲ್ಲಿ ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹೆಂಗಸಿನ ಮೇಲೆ ಬಿದ್ದಿತ್ತು. ಸಮಿತಿ ಹೌದೆಂದರೆ ಆಕೆಯ ಪರವಾನಗಿ ರದ್ದು, ಆಮೇಲೆ ಪೊಲೀಸ್ ಕೇಸು.

“ಇದರ ಹಿಡಿ ಬಿಚ್ಚಿ, ಸಾಹೇಬ್ರೇ. ಬಾಲಕ್ಕೆ ಸ್ವಲ್ಪ ಆ್ಯಸಿಡ್ ಹಚ್ಚಿ ನೋಡೋಣ.”

ಬಾಲ ಎಂದರೆ ಹಿಡಿಯೊಳಗೆ ಹುದುಗುವ ಉಳಿಯ ಹಿಂತುದಿ. ಅಲ್ಲಿ ನೋಡಿ ಎಂದು ನಿನ್ನೆ ಹೇಳಿದ್ದು ದೊಡ್ಡಮ್ಮನ ಗಂಡ. ಬೇರೆ ಆಪರೇಟರುಗಳು ಕೆಲಸ ಶುರುಮಾಡುವ ಮುಂಚೆ ಲೇಸರನ್ನು ಗುಜರಿ ತಗಡಿನ ಮೇಲೆ ಒಮ್ಮೆ ಹೊಡೆದು ನೋಡುತ್ತಾರೆ. ದೊಡ್ಡಮ್ಮ ಮಾತ್ರ ಪ್ರತಿ ಉಳಿಯ ಬಾಲದ ಮೇಲೇ ಒಂದು ಚುಕ್ಕಿ ಹೊಡೆದು ನೋಡುತ್ತಾರಂತೆ. ತಗಡನ್ನು ಕೇಳಿದರೆ ತಗಡಿನ ವಿಷಯ ಹೇಳುತ್ತೆ, ಉಳಿ ವಿಷಯ ಉಳಿಯನ್ನೇ ಕೇಳಬೇಕು ಎನ್ನುವುದು ಆಕೆಯ ವಾದ. ನಿಯಮ ಪುಸ್ತಕದಲ್ಲಿ ಇಲ್ಲದ ಅಭ್ಯಾಸ. ಹಿಡಿಯೊಳಗೆ ಮುಚ್ಚಿಹೋಗುವುದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಪಾಯಿಂಟ್ ಸಾಹೇಬರು ಗೊಣಗುತ್ತಲೇ ಕೈಗವಸು ಹಾಕಿಕೊಂಡರು. ಹತ್ತಿಯುಂಡೆಯಿಂದ ಕಂದು ಬಣ್ಣದ ಆ್ಯಸಿಡ್ ಸವರಿ, ಬಾಯಲ್ಲೇ ಎಣಿಸಿ, ನಲ್ಲಿಯ ಕೆಳಗೆ ತೊಳೆದರು.

ಬೂದು ಬಣ್ಣಕ್ಕೆ ತಿರುಗಿದ ಬಾಲದ ಮೇಲೆ, ತುದಿಯಿಂದ ಅರ್ಧ ಬೆರಳು ಮೇಲೆ, ನಡುವಿನಿಂದ ಕೂದಲೆಳೆಯಷ್ಟು ಎಡಕ್ಕೆ, ಒಂದು ತಿಳಿ ಚುಕ್ಕಿ ಕಂಡಿತು. ಸಾಸಿವೆ ಕಾಳಿನಷ್ಟೇ ಗಾತ್ರ.

“ಇದು ಆಕೆ ಮಾಡಿದ ಉಳಿನೇ,” ಎಂದೆ.

“ಆಕೇದು ಅಂತ ನಾವೂ ಹೇಳ್ತಿರೋದು,” ಎಂದರು ಸಾಹೇಬರು. “ಬಾಲಕ್ಕೆ ಚುಕ್ಕಿ ಹೊಡೆದು ಅಂಚಿಗೆ ಹೊಡೆಯೋದು ಮರೆತಿದ್ರೆ? ಅಂಚಿನ ಗಡಸುತನ ನಾನೇ ಅಳೆದಿದೀನಿ. ಇಪ್ಪತ್ತೆಂಟು ಪಾಯಿಂಟ್ ಐದು. ಇರಬೇಕಾದದ್ದು ಐವತ್ತೈದು ಪಾಯಿಂಟ್ ಸೊನ್ನೆಯ ಮೇಲೆ.”

ಅತ್ತೆ ಕನ್ನಡಕ ಹಣೆಗೇರಿಸಿ ಉಳಿಯ ಅಂಚನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. “ಇದು ಒಡೆದಿಲ್ಲ. ಹಳೇ ತಗಡಿನ ಡಬ್ಬಿ ಬಾಯಿ ಥರ ಮಡಚ್ಕೊಂಡು ಹರಿದಿದೆ.”

“ಮೆತ್ತಗಿದ್ರೆ ಹಾಗೇ ಆಗೋದಮ್ಮ.”

“ಮೆತ್ತಗಿತ್ತೋ, ಮೆತ್ತಗಾಯ್ತೋ?”

ಪಾಯಿಂಟ್ ಸಾಹೇಬರು ಉಳಿಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಮತ್ತೆ ತಿರುಗಿಸಿ ನೋಡತೊಡಗಿದರು. ಇಪ್ಪತ್ತು ವರ್ಷ ಸಂಸಾರ ಮಾಡಿರುವ ನನಗೆ ಆ ಅವಸ್ಥೆಯ ಪರಿಚಯವಿದೆ. ಅತ್ತೆಯ ಮಗಳೂ ಹೀಗೆಯೇ ಕೇಳುತ್ತಾಳೆ.

“ಉಳಿಯ ಪಕ್ಕಕ್ಕೂ ಆ್ಯಸಿಡ್ ಹಚ್ಚಿ,” ಎಂದೆ. “ಉದ್ದಕ್ಕೂ.”

ಈ ಸಲ ಸಾಹೇಬರು ಗೊಣಗಲಿಲ್ಲ. ತೊಳೆದು ಭೂತಗನ್ನಡಿಯ ಕೆಳಗಿಟ್ಟ ಮೇಲೆ ಎಷ್ಟೋ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ನನಗೆ ಜಾಗ ಬಿಟ್ಟರು.

ಉಳಿಯ ದಪ್ಪದಲ್ಲಿ, ಚಪ್ಪಟೆ ಮುಖದ ಗುಂಟ, ಒಂದು ತಿಳಿ ಬಣ್ಣದ ಪದರ ಹಾಯ್ದಿತ್ತು. ಅದು ಲೇಸರ್ ಗಡಸು ಮಾಡಿದ ಚರ್ಮ. ನಡುಭಾಗದಲ್ಲಿ ಚೆನ್ನಾಗಿ ದಪ್ಪಗಿತ್ತು. ಅಂಚಿನ ಕಡೆ ಬರಬರುತ್ತ ತೆಳ್ಳಗಾಗಿ, ತುದಿಯಲ್ಲಿ ಇಲ್ಲವೇ ಇಲ್ಲ.

ಸಾಹೇಬರು ಗಡಸುತನ ಅಳೆಯುವ ಯಂತ್ರದ ಸೂಜಿಯನ್ನು ಅಂಚಿನಿಂದ ಎರಡು ಬೆರಳು ಮೇಲೆ ಒತ್ತಿ ಅಂಕಿ ಓದಿದರು. “ಐವತ್ತಾರು ಪಾಯಿಂಟ್ ಎರಡು.” ಸೂಜಿ ಎತ್ತಿ ಮತ್ತೆ ಹೇಳಿದರು, “ದೊಡ್ಡಮ್ಮ ಸರಿಯಾಗೇ ಮಾಡಿದಾರೆ. ಇದನ್ನ ಯಾರೋ ತಪ್ಪು ಮುಖಕ್ಕೆ ಮಸೆದಿದಾರೆ.”

“ಬಿಡಿಸಿ ಹೇಳಿ.”

“ನಾವು ಚಪ್ಪಟೆ ಮುಖ ಒಂದನ್ನೇ ಗಡಸು ಮಾಡೋದು. ಆ ಚರ್ಮದ ದಪ್ಪ ಸೊನ್ನೆ ಪಾಯಿಂಟ್ ಏಳೈದು ಮಿಲಿಮೀಟರ್. ಹರಿತ ಮಾಡ್ಬೇಕಾದ್ರೆ ಓರೆ ಮುಖಕ್ಕೆ ಮಾತ್ರ ಕಲ್ಲು ಹಾಕ್ಬೇಕು, ಆಗ ಅಂಚಲ್ಲಿ ಯಾವಾಗ್ಲೂ ಗಟ್ಟಿ ಚರ್ಮನೇ ಇರುತ್ತೆ. ಚಪ್ಪಟೆ ಮುಖಕ್ಕೇ ಕಲ್ಲು ಹಾಕ್ತಾ ಹೋದ್ರೆ ಚರ್ಮನೇ ಸವೆದು ಹೋಗುತ್ತೆ. ಹಳೇ ಕಾಲದ ಉಳಿಗಳು ಒಳಗೂ ಹೊರಗೂ ಒಂದೇ ಗಡಸು, ಎರಡೂ ಕಡೆ ಮಸೀಬಹುದಿತ್ತು. ಇದಕ್ಕೆ ಹಾಗಲ್ಲ ಅಂತ ಪ್ರತಿ ಪೆಟ್ಟಿಗೇಲೂ ಚೀಟಿ ಇಟ್ಟು ಕಳಿಸ್ತೀವಿ.”

“ಹೋದ ವಾರ ಆಸ್ಪತ್ರೆಯ ಪೆಟ್ಟಿಗೆಗಳೆಲ್ಲ ತಪಾಸಣೆಗೆ ಇಲ್ಲಿಗೆ ಬಂದಿದ್ವಲ್ಲ, ಆಗ ಗೊತ್ತಾಗ್ಲಿಲ್ವಾ?”

ಸಾಹೇಬರ ಮುಖ ಸಣ್ಣದಾಯಿತು. “ಅಂಚಿಗೆ ಸೂಜಿ ಒತ್ತಿದ್ರೆ ಅಂಚು ಹಾಳಾಗುತ್ತೆ. ಪೆಟ್ಟಿಗೆಗೆ ಒಂದರಂತೆ, ಮೇಲ್ಭಾಗದಲ್ಲಿ ಮಾತ್ರ ಅಳೆದೆ. ಎರಡು ದಿನ ಇಟ್ಕೊಂಡು ಎಲ್ಲಾನೂ ಎಣಿಸಿ, ಒರೆಸಿ, ಸರಿಯಿದೆ ಅಂತ ಬರೆದದ್ದು ದೊಡ್ಡಮ್ಮನೇ. ಆಕೇನ ಕೆಲಸದಿಂದ ದೂರ ಇಟ್ಟಿದ್ದು ಅದಾದ ಮೇಲೆ.”

ಅವರು ಅಂಕಿಗಳನ್ನೆಲ್ಲ ಬಿಳಿ ಹಾಳೆಯಲ್ಲಿ ಬರೆದು, ಸಹಿ ಮಾಡಿ, ಮುದ್ರೆಯೊತ್ತಿ ಕೊಟ್ಟರು. ತಮ್ಮದೇ ಮೊದಲ ವರದಿ ತಪ್ಪೆಂದು ಬರೆದುಕೊಡುವ ಮನುಷ್ಯರು ಎಲ್ಲ ಕಡೆ ಸಿಗುವುದಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. ಆ್ಯಸಿಡ್ಡಿದೆ, ಬಿಡಿ ಎಂದರು.

*

ಲೇಸರ್ ಕೋಣೆಯ ಬಾಗಿಲಲ್ಲಿ ಕಿತ್ತಳೆ ಬಣ್ಣದ ಪುಟ್ಟ ಗಾಜಿನ ಕಿಟಕಿ. ಅದರ ಹೊರಗಿನ ಬೆಂಚಿನ ಮೇಲೆ ದೊಡ್ಡಮ್ಮ ತಮ್ಮ ರಕ್ಷಣಾ ಕನ್ನಡಕವನ್ನು ಒರೆಸುತ್ತ ಕೂತಿದ್ದರು. ಯಂತ್ರದ ಬಳಿ ಹೋಗುವಂತಿಲ್ಲ. ಮನೆಯಲ್ಲಿ ಕೂತರೆ ಜೀವ ತಡೆಯುವುದಿಲ್ಲ. ಹಾಗಾಗಿ ದಿನವೂ ಹೊತ್ತಿಗೆ ಸರಿಯಾಗಿ ಬಂದು ಈ ಬೆಂಚಿನ ಮೇಲೆ ಕೂರುತ್ತಿದ್ದರು.

ಇಪ್ಪತ್ತೆರಡು ವರ್ಷದ ಸರ್ವಿಸು. ಮೊದಲ ಒಂಬತ್ತು ವರ್ಷ ಉಜ್ಜುವ, ಹರಿತ ಮಾಡುವ ವಿಭಾಗದಲ್ಲಿ, ಆಮೇಲೆ ಲೇಸರ್. ಇಡೀ ವರ್ಕ್‌ಶಾಪಿಗೆ ದೊಡ್ಡಮ್ಮ. ಆಕೆಗಿಂತ ದೊಡ್ಡ ವಯಸ್ಸಿನ ವಾಚ್‌ಮನ್ ಕೂಡ ಹಾಗೆಯೇ ಕರೆಯುತ್ತಾನೆ.

ಈ ಕೇಸು ನಾನು ಯಾಕೆ ಹಿಡಿದೆ ಎಂದು ಕೆಲವು ಓದುಗರು ಕೇಳಿದ್ದಾರೆ. ಒಂದೂವರೆ ವರ್ಷದ ಹಿಂದೆ ಲಾರಿಯೊಂದು ನನ್ನ ಬಲತೊಡೆಯನ್ನು ಮೂರು ತುಂಡು ಮಾಡಿತ್ತು. ಅದನ್ನು ಕೂಡಿಸಿದ ಉಳಿಗಳನ್ನು ಗಡಸು ಮಾಡಿದ ಕೈ ಈ ಹೆಂಗಸಿನದು ಎಂದು ಆಕೆಯ ಗಂಡ ಮನೆ ಬಾಗಿಲಿಗೆ ಬಂದಾಗಲೇ ತಿಳಿದದ್ದು. ಅವತ್ತು ನಾನು ಎದ್ದು ನಿಂತು ಮಾತಾಡಿದೆ. ಎದ್ದು ನಿಲ್ಲಲು ಸಾಧ್ಯವಾದದ್ದೇ ಈಕೆಯಿಂದ, ಕೂತು ಮಾತಾಡುವುದು ಸರಿಯೆನಿಸಲಿಲ್ಲ. “ಈ ಕಾಲು ಅರ್ಧ ಡಾಕ್ಟ್ರದ್ದು, ಅರ್ಧ ಆಯಮ್ಮಂದು. ನಿಮ್ದೇನೂ ಇಲ್ಲ ಇದರಲ್ಲಿ, ಹೋಗಿ ಕೆಲಸ ನೋಡಿ,” ಎಂದಿದ್ದರು ಅತ್ತೆ.

“ದೊಡ್ಡಮ್ಮ, ನೀವು ಪಾರಾದ್ರಿ,” ಎಂದು ಹಾಳೆಯನ್ನು ಆಕೆಯ ಮಡಿಲಲ್ಲಿಟ್ಟೆ.

ಆಕೆ ಓದಿದರು. ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಓದಿದರು. ಮುಖದಲ್ಲಿ ಸಂತೋಷ ಕಾಣುತ್ತದೆಂದು ನಾನು ಕಾದೆ. ಅದು ಬರಲೇ ಇಲ್ಲ.

“ಚರ್ಮ ಸವೆದಿದೆ ಅಂತ ಗೊತ್ತಾಗೋಯ್ತಾ,” ಎಂದರು ಮೆಲ್ಲಗೆ.

“ಗೊತ್ತಾಗಿದ್ದಕ್ಕೇ ನೀವು ಉಳ್ಕೊಂಡಿರೋದು. ಯಾರು ಮಸೆದ್ರು ಅಂತ ಹುಡುಕಿದ್ರೆ ಮುಗೀತು.”

“ಅದನ್ನ ಹುಡುಕ್ಬೇಡಿ.”

“ಯಾಕೆ?”

“ನಾನು ಬೆಳಕು ಹಾಯಿಸ್ದಾಗ ಸ್ಟೀಲಿನ ಮೇಲ್ಮೈ ಕಣ್ಣು ಮಿಟುಕಿಸೋದ್ರೊಳಗೆ ಕೆಂಪಾಗುತ್ತೆ. ಒಳಗಿನ ತಣ್ಣನೆ ಸ್ಟೀಲು ಆ ಬಿಸಿನ ಎಳ್ಕೊಂಡುಬಿಡುತ್ತೆ. ನೀರು ಬೇಡ, ಎಣ್ಣೆ ಬೇಡ. ಮೇಲೆ ಚರ್ಮ ಗಟ್ಟಿಯಾಗುತ್ತೆ, ಒಳಗೆ ಮೆತ್ತಗೇ ಇರುತ್ತೆ. ಒಳಗೆ ಮೆತ್ತಗಿರೋದ್ರಿಂದ್ಲೇ ಅದು ಪೆಟ್ಟು ತಡ್ಕೊಳೋದು.” ಆಕೆ ಹಾಳೆ ಮಡಚಿ ನನ್ನ ಕೈಗೆ ಕೊಟ್ಟರು. “ನಾನೂ ತಡ್ಕೋತೀನಿ. ನನಗಿನ್ನೆಷ್ಟು ವರ್ಷ ಸರ್ವಿಸು ಉಳಿದಿದೆ? ಹೋಗ್ಲಿ ಬಿಡಿ.”

ಕೊಡುವಾಗ ಅಂಗಿಯ ತೋಳು ಮೇಲೆ ಸರಿದು, ಮಣಿಕಟ್ಟಿನ ಒಳಗಡೆ ಉದ್ದನೆಯ ಹೊಲಿಗೆಯ ಗುರುತು ಕಂಡಿತು.

“ಇದೇನಾಯ್ತು?” ಎಂದರು ಅತ್ತೆ. ಇಂಥದ್ದನ್ನು ಕೇಳಲು ಅವರಿಗೆ ಸಂಕೋಚವೆಂಬುದೇ ಇಲ್ಲ.

“ಮೆಷಿನ್ನಿಗೆ ಸಿಕ್ಕಿತ್ತು, ಐದು ವರ್ಷ ಆಯ್ತು. ಎಲ್ರೂ ಕತ್ತರಿಸ್ಬೇಕು ಅಂದ್ರು. ಒಬ್ರು ಮಾತ್ರ ಕೂಡಿಸ್ತೀನಿ ಅಂದ್ರು.” ದೊಡ್ಡಮ್ಮ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದರು. “ಎಲ್ಲಾ ಅಲ್ಲಾಡ್ತವೆ.”

ಆಮೇಲೆ ಆಕೆ ಕನ್ನಡಕ ಒರೆಸುವುದಕ್ಕೆ ತಿರುಗಿಕೊಂಡರು. ಆ ಗಾಜು ಆಗಲೇ ಫಳಫಳ ಹೊಳೆಯುತ್ತಿತ್ತು.

*

ಬಸ್ಸಿನಲ್ಲಿ ನನಗೆ ತಲೆ ಓಡಲಿಲ್ಲ. ಕೈಯಲ್ಲಿ ಬಿಡುಗಡೆಯ ಕಾಗದ ಹಿಡಿದುಕೊಂಡು ಬಿಡುಗಡೆ ಬೇಡವೆನ್ನುವ ಕಕ್ಷಿದಾರರನ್ನು ನಾನು ಹಿಂದೆ ನೋಡಿರಲಿಲ್ಲ.

ಪಕ್ಕದಲ್ಲಿ ಅತ್ತೆ ಚೀಲದಿಂದ ಉಗುರು ಉಜ್ಜುವ ಅರ ತೆಗೆದು, ಉಗುರಿಗೆ ಹತ್ತಿದ್ದ ಆ್ಯಸಿಡ್ಡಿನ ಕಲೆಯನ್ನು ಕೆರೆಯತೊಡಗಿದರು.

ಸರ್... ಸರ್... ಸರ್...

ನಾನು ಅವರ ಕೈಯ ಕಡೆ ತಿರುಗಿದೆ.

ಆ ಸದ್ದು ನನಗೆ ಗೊತ್ತು. ಆಸ್ಪತ್ರೆಯಲ್ಲಿ ಒಂಬತ್ತು ವಾರ ಮಲಗಿದ್ದಾಗ ಪ್ರತಿ ಸಂಜೆ ಐದಕ್ಕೆ ಡಾಕ್ಟರ್ ಬಂದು ನನ್ನ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರುತ್ತಿದ್ದರು. ನೋವು ಹೇಗಿದೆ, ಊಟ ಸೇರಿತೇ ಎಂದು ಕೇಳುತ್ತ ಮಡಿಲಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು, ಬೂದು ಬಣ್ಣದ ಪುಟ್ಟ ಕಲ್ಲಿನಿಂದ ತಮ್ಮ ಉಳಿಗಳನ್ನು ಒಂದೊಂದಾಗಿ ಮಸೆಯುತ್ತಿದ್ದರು. ಓರೆ ಮುಖಕ್ಕೆ ಹತ್ತು ಸಲ. ತಿರುಗಿಸಿ ಚಪ್ಪಟೆ ಮುಖಕ್ಕೆ ಹತ್ತು ಸಲ. ಅವರ ಗುರುಗಳು ಕಲಿಸಿದ್ದಂತೆ. ಮರುದಿನ ಅವು ಆವಿಯ ಯಂತ್ರಕ್ಕೆ ಹೋಗಿ ಶುದ್ಧವಾಗಿ ಬರುತ್ತಿದ್ದವು.

ಇನ್ನು ನಡೆಯಲಾರೆನೆಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ದ ದಿನಗಳಲ್ಲಿ ಆ ಸದ್ದೇ ನನಗೆ ಧೈರ್ಯ. ಇಷ್ಟು ಶ್ರದ್ಧೆಯಿಂದ ಮಸೆಯುವ ಮನುಷ್ಯ ನನ್ನ ಕಾಲನ್ನು ಹಾಳುಮಾಡಲಾರ ಎಂದುಕೊಳ್ಳುತ್ತಿದ್ದೆ. ಹಾಳುಮಾಡಲಿಲ್ಲ. ಅವರ ಸಹಿಯಿದ್ದ ಡಿಸ್ಚಾರ್ಜ್ ಚೀಟಿಯನ್ನು ಅತ್ತೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ.

“ಯಾಕೆ, ಕಾಲು ನೋಯ್ತಿದೆಯಾ?” ಎಂದರು ಅತ್ತೆ.

“ಇಲ್ಲ. ಕಾಲು ಚೆನ್ನಾಗಿದೆ,” ಎಂದೆ. ಅಷ್ಟು ಕಷ್ಟಪಟ್ಟು ಆ ಮಾತನ್ನು ಹಿಂದೆಂದೂ ಹೇಳಿರಲಿಲ್ಲ.

ಎಲ್ಲವನ್ನೂ ಹೇಳಿದೆ. ಆ ಬಸ್ ಡ್ರೈವರಿನ ಆಪರೇಷನ್ ಮಾಡಿದ್ದೂ ಅದೇ ಡಾಕ್ಟರ್. ಅತ್ತೆ ಅರವನ್ನು ಚೀಲದೊಳಕ್ಕೆ ಹಾಕಿದರು.

“ಹೇಳ್ಲೇಬೇಕು ಅಳಿಯಂದಿರೇ,” ಎಂದರು. “ಆ ಪೆಟ್ಟಿಗೇಲಿರೋ ಉಳಿದ ಉಳಿಗಳಿಗೂ ಇದೇ ಗತಿ ಆಗಿರುತ್ತೆ. ನಾಳೆ ಯಾರ ಕಾಲಿಗೆ ಹಾಕ್ತಾರೋ ಏನೋ.”

*

“ಬನ್ನಿ ಬನ್ನಿ. ಮೊದಲು ಅಲ್ಲಿಂದ ಇಲ್ಲಿತನಕ ನಡೆದು ತೋರಿಸಿ,” ಎಂದರು ಡಾಕ್ಟರ್.

ಮೂರು ಇಪ್ಪತ್ತು. ಸಮಿತಿಯ ಮುಂದೆ ಮೊದಲು ಮಾತಾಡಬೇಕಾದವರೇ ಅವರು. ಮೇಜಿನ ಮೇಲೆ ಅದರ ಕಾಗದಗಳು ಹರಡಿದ್ದವು. ಆದರೂ ಎದ್ದು ನಿಂತು, ನಾನು ಬಾಗಿಲಿನಿಂದ ಕುರ್ಚಿಯವರೆಗೆ ನಡೆಯುವುದನ್ನು ಮಗುವಿನ ಮೊದಲ ಹೆಜ್ಜೆ ನೋಡುವಂತೆ ನೋಡಿದರು. “ಕುಂಟೋದು ಪೂರ್ತಿ ಹೋಗಿದೆ,” ಎಂದು ತಾವೇ ಖುಷಿಪಟ್ಟರು.

ಈ ಮನುಷ್ಯನನ್ನು ನಾನು ಪ್ರಶ್ನಿಸಬೇಕಿತ್ತು.

“ಡಾಕ್ಟ್ರೇ, ಈ ಕಾಲು ನೀವು ಕೊಟ್ಟಿದ್ದು. ಅದರ ಮೇಲೆ ನಿಂತ್ಕೊಂಡೇ ನಿಮ್ಮನ್ನ ಒಂದು ಮಾತು ಕೇಳ್ಬೇಕು. ತಪ್ಪು ತಿಳ್ಕೋಬೇಡಿ.”

“ಕೇಳಿ.”

“ಉಳಿಗಳಿಗೆ ಈಗ್ಲೂ ಕಲ್ಲು ಹಾಕ್ತೀರಾ?”

“ಈ ವಿಚಾರಣೆ ಶುರುವಾಗೋವರೆಗೂ ದಿನಾ ಹಾಕ್ತಿದ್ದೆ. ಯಾಕೆ?”

“ಎರಡೂ ಮುಖಕ್ಕೆ?”

“ಎರಡೂ ಮುಖಕ್ಕೆ.”

ನಾನು ಪಾಯಿಂಟ್ ಸಾಹೇಬರ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಒಮ್ಮೆ ಓದಿದರು. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಇನ್ನೊಮ್ಮೆ ಓದಿದರು. ಅವರು ಸಿಟ್ಟಾಗಬಹುದು, ನನ್ನನ್ನು ಹೊರಗೆ ಕಳಿಸಬಹುದು, ಮಾತು ತೇಲಿಸಬಹುದು ಎಂದೆಲ್ಲ ನಾನು ಸಿದ್ಧನಾಗಿದ್ದೆ.

“ಚಪ್ಪಟೆ ಮುಖಕ್ಕೆ ಕಲ್ಲು ತಾಗಿಸಬಾರದು,” ಎಂದು ನಿಧಾನವಾಗಿ ಹೇಳಿಕೊಂಡರು. “ನನಗೆ ಯಾರೂ ಹೇಳ್ಲಿಲ್ಲ.”

“ಪೆಟ್ಟಿಗೇಲಿ ಚೀಟಿ ಇರುತ್ತಂತೆ.”

ಅವರು ಬೀರುವಿನ ಬೀಗ ತೆಗೆದು ಆ ಮರದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ವಿಚಾರಣೆ ಮುಗಿಯುವವರೆಗೆ ಅದನ್ನು ಬಳಸುವಂತಿರಲಿಲ್ಲ. ನಾಳೆ ಬೆಳಿಗ್ಗೆಯ ಮೊದಲ ಆಪರೇಷನ್ನಿಗೆ ಮತ್ತೆ ಹೊರಬರಬೇಕಿತ್ತು. ಮುಚ್ಚಳದ ಒಳಗಿನ ಹಸಿರು ಬಟ್ಟೆಯ ಅಂಚನ್ನು ಉಗುರಿನಿಂದ ಎತ್ತಿದಾಗ ನಾಲ್ಕು ಮಡಿಕೆಯ ಒಂದು ಚೀಟಿ ಉದುರಿತು. ಮಡಿಕೆ ಬಿಚ್ಚಿದ ಗುರುತೇ ಇರಲಿಲ್ಲ. ಡಾಕ್ಟರ್ ಬಿಚ್ಚಿ ಓದಿದರು.

“ಎರಡು ವರ್ಷ ನನ್ನ ಕೈ ಕೆಳಗೇ ಇತ್ತು,” ಎಂದರು. “ಪ್ರೀತಿಯಿಂದ ಮಸೀತಾ ಮಸೀತಾ ನಾನೇ ಹಾಳುಮಾಡಿದೀನಿ. ಆ ಡ್ರೈವರ್ರಿಗೆ ಏನು ಹೇಳ್ಲಿ?” ನನ್ನ ಭುಜದ ಮೇಲೆ ಕೈಯಿಟ್ಟರು. “ನೀವು ಬಂದು ಹೇಳಿದ್ದು ದೊಡ್ಡ ಉಪಕಾರ. ನಾಳೆ ಇದನ್ನೇ ಕೈಗೆತ್ತಿಕೊಳ್ತಿದ್ದೆ. ಮೇಲೆ ಹೋಗಿ ಎಲ್ರ ಮುಂದೆ ನಾನೇ ಹೇಳ್ತೀನಿ.”

ನನ್ನ ಕಣ್ಣು ತುಂಬಿತು. ಅದನ್ನು ಬರೆಯಲು ನಾಚಿಕೆಯಿಲ್ಲ. ನಾನು ನಂಬಿದ್ದ ಮನುಷ್ಯ ನಾನು ನಂಬಿದ್ದ ಹಾಗೆಯೇ ಇದ್ದ. ದೊಡ್ಡಮ್ಮ ಉಳಿದರು, ನಾಳೆಯ ರೋಗಿ ಉಳಿದ. ಕೇಸು ಮುಗಿಯಿತೆಂದು ನಾನು ಕುರ್ಚಿಗೊರಗಿದೆ.

“ಆದ್ರೆ ಒಂದು ಅರ್ಥ ಆಗ್ತಿಲ್ಲ,” ಎಂದರು ಡಾಕ್ಟರ್. “ಮುರಿದ ಉಳಿ ನನ್ನ ಪೆಟ್ಟಿಗೇದಲ್ಲ. ಅವತ್ತು ಗಡಿಬಿಡೀಲಿ ಯಾವ ಪೆಟ್ಟಿಗೆಯಿಂದ ಕೊಟ್ರೋ ನೋಡ್ಲಿಲ್ಲ. ಮರುದಿನವೇ ಪೆಟ್ಟಿಗೆಗಳೆಲ್ಲ ಕಟ್ಟಿ ಇಟ್ರು, ಆಮೇಲೆ ವರ್ಕ್‌ಶಾಪಿಗೆ ಹೋದ್ವು. ವಾಪಸ್ ಬಂದಾಗ ಎಣಿಸಿದೆ, ಹನ್ನೆರಡೂ ಇದ್ವು. ಮುರಿದದ್ದು ಆಸ್ಪತ್ರೆಯ ಸಾಮಾನ್ಯ ಪೆಟ್ಟಿಗೇದು ಅಂದ್ಕೊಂಡೆ. ಆ ಉಳಿಗಳಿಗೆ ಯಾರೂ ಕಲ್ಲು ಹಾಕಲ್ಲ.”

ಅವರು ಪೆಟ್ಟಿಗೆಯನ್ನು ನಮ್ಮ ಕಡೆ ತಿರುಗಿಸಿದರು. ಹನ್ನೆರಡು ಕುಳಿ, ಹನ್ನೆರಡು ಉಳಿ. ಒಂದೂ ಕಡಿಮೆಯಿಲ್ಲ.

ಅತ್ತೆ ಚೀಲದೊಳಗೆ ಕೈಯಾಡಿಸಿ ಟೊಮೇಟೊ ತೆಗೆದರು.

“ಇದೇನಮ್ಮ?” ಎಂದರು ಡಾಕ್ಟರ್.

“ಫ್ರಿಜ್ಜಿಂದು. ನೀವು ಸುಮ್ನಿರಿ.”

ಮೊದಲ ಉಳಿಗೆ ತಾಗಿಸಿದರು, ಟಕ್ಕನೆ ಅಂಟಿತು. ಕಿತ್ತು ಎರಡನೆಯದಕ್ಕೆ, ಅಂಟಿತು. ಮೂರು, ನಾಲ್ಕು, ಐದು. ಅಂಗಡಿಯಲ್ಲಿ ಲೋಟ ನೋಡುವಷ್ಟೇ ಸಾವಧಾನವಾಗಿ ಸಾಲು ಮುಗಿಸುತ್ತ ಹೋದರು. ಹನ್ನೊಂದನೆಯದಕ್ಕೂ ಅಂಟಿತು.

ಹನ್ನೆರಡನೆಯದರ ಮೇಲಿಟ್ಟು ಕೈ ಬಿಟ್ಟರು. ಟೊಮೇಟೊ ಜಾರಿ ಹಸಿರು ಬಟ್ಟೆಯ ಮೇಲೆ ಬಿತ್ತು.

“ಇದು ಡಬ್ಬಿ ಸ್ಟೀಲು,” ಎಂದರು.

ನಾನು ಅದನ್ನು ಎತ್ತಿಕೊಂಡೆ. ತೂಕ ಸರಿ, ಆಕಾರ ಸರಿ. ಚಪ್ಪಟೆ ಮುಖದಲ್ಲಿ ಉಳಿದ ಹನ್ನೊಂದರಲ್ಲಿದ್ದಂತೆಯೇ ಕಲ್ಲಿನ ಗೆರೆಗಳು. ಉಜ್ಜುವ ಕೆಲಸ ಬಲ್ಲ ಕೈ ಮಾಡಿದ್ದು. ಪೆಟ್ಟಿಗೆಯ ಮೂಲೆಯಲ್ಲಿದ್ದ ಸಣ್ಣ ಕೀಲಿಯಿಂದ ತಿರುಪು ಸಡಿಲಿಸಿ ಹಿಡಿ ಕಳಚಿದೆ.

ಇದಕ್ಕೆ ಆ್ಯಸಿಡ್ ಬೇಕಾಗಲಿಲ್ಲ. ಬಾಲದ ತುದಿಯಿಂದ ಅರ್ಧ ಬೆರಳು ಮೇಲೆ, ನಡುವಿನಿಂದ ಕೂದಲೆಳೆಯಷ್ಟು ಎಡಕ್ಕೆ, ಸಾಸಿವೆ ಕಾಳಿನಷ್ಟು ಒಂದು ಚುಕ್ಕಿ. ಸುತ್ತ ಜೇನು ಬಣ್ಣ, ನಡುವೆ ನೀಲಿ. ಹೊಚ್ಚ ಹೊಸದು.

ಗಡಸಾಗದ ಸ್ಟೀಲಿಗೆ ಆ ಚುಕ್ಕಿ ಹೊಡೆದು ಪ್ರಯೋಜನವಿಲ್ಲ. ಅದು ಹೊಡೆದವರಿಗೂ ಗೊತ್ತು. ಹದಿಮೂರು ವರ್ಷದ ಅಭ್ಯಾಸ ಮಾತ್ರ ಯೋಚಿಸದೆ ಹೊಡೆದುಬಿಟ್ಟಿತ್ತು.

ಎರಡು ದಿನ ಪೆಟ್ಟಿಗೆಗಳು ಆಕೆಯ ಬಳಿ ಇದ್ದವು. ಇದರಲ್ಲಿ ಹನ್ನೊಂದು ಉಳಿ ಕಂಡವು, ಹನ್ನೊಂದರ ಚಪ್ಪಟೆ ಮುಖವೂ ಸವೆದದ್ದು ಕಂಡಿತು. ಯಾರ ಕಲ್ಲು ಎಂದು ಆಕೆಗೆ ಆ ಕ್ಷಣವೇ ಗೊತ್ತಾಗಿರಬೇಕು. ಒಳ್ಳೆಯ ಸ್ಟೀಲು ಲೆಕ್ಕದ ಬೀಗದೊಳಗೆ. ಗುಜರಿಯಲ್ಲಿ ಸಿಕ್ಕಿದ್ದು ಇದು. ಪೆಟ್ಟಿಗೆ ಭರ್ತಿಯಾದರೆ ತಪ್ಪು ಡಾಕ್ಟರ ಕಡೆ ಹೋಗುವುದಿಲ್ಲ. ತನ್ನ ಮೇಲೇ ಬರುತ್ತದೆ. ಮಣಿಕಟ್ಟನ್ನು ಕೂಡಿಸಿದವರು ಯಾರೆಂದು ನಾನು ಆಕೆಯನ್ನು ಕೇಳಿರಲಿಲ್ಲ. ಕೇಳುವ ಅಗತ್ಯ ಈಗಲೂ ಇರಲಿಲ್ಲ.

“ಏನು ಚುಕ್ಕಿ ಅದು?” ಎಂದು ಡಾಕ್ಟರ್ ಬಗ್ಗಿದರು.

ಬಾಗಿಲು ತಟ್ಟಿ ಅಟೆಂಡರ್ ತಲೆ ಒಳಹಾಕಿದ. “ಸಾರ್, ಮೇಲೆ ಎಲ್ರೂ ಬಂದಿದಾರೆ. ಆ ಲೇಸರ್ ಅಮ್ಮನೂ ಬಂದ್ರು. ಗಡಸು ಮಾಡೋದು ಮರ್ತಿದ್ದೆ, ತಪ್ಪು ನಂದೇ ಅಂತ ಬರ್ದು ಸಹಿ ಹಾಕ್ಕೊಂಡು ಬಂದಿದಾರೆ. ಇನ್ನು ನಿಮ್ಮನ್ನ ಕೇಳೋದೇನೂ ಇಲ್ಲ, ಮುಗಿಸಿಬಿಡೋಣ ಅಂತಿದಾರೆ.”

ಚುಕ್ಕಿಯ ವಿಷಯ ಹೇಳಿದರೆ, ಸಾಕ್ಷ್ಯ ತಿದ್ದಿದ, ಮೆತ್ತನೆ ಉಳಿಯನ್ನು ಆಸ್ಪತ್ರೆಯ ಪೆಟ್ಟಿಗೆಗೆ ಸೇರಿಸಿದ ಅಪರಾಧ ದೊಡ್ಡಮ್ಮನ ಮೇಲೆ. ಹೇಳದಿದ್ದರೆ, ಮಾಡದ ತಪ್ಪು ಆಕೆಯ ಸಹಿಯೊಂದಿಗೆ ಆಕೆಯದೇ ಆಗಿಬಿಡುತ್ತದೆ.

“ಹೇಳಿ,” ಎಂದರು ಡಾಕ್ಟರ್, ಕೈ ಚಾಚಿ. “ಈ ಹನ್ನೆರಡನೇದನ್ನ ಮಾಡಿದ್ದು ಯಾರು?”

ಅತ್ತೆ ಟೊಮೇಟೊವನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ನನ್ನ ಮುಖ ನೋಡಿದರು.